ಸೀಲ್ ಒಡೆಯದ ಪೆಟ್ಟಿಗೆಯೋ, ತೆರೆದು ನೋಡಿದ ಯಂತ್ರವೋ: ಹಳೆಯ ಹ್ಯಾಂಡ್‌ಹೆಲ್ಡ್ ಕನ್ಸೋಲ್‌ಗಳ ಸಂಗ್ರಹ ಕುರಿತು

ಪ್ರಶ್ನೆ: ಚಿಕ್ಕಂದಿನಲ್ಲಿ ಆಡಿದ, ಕೈಯಲ್ಲಿ ಹಿಡಿದಾಡುವ ನಿಂಟೆಂಡೊದ ಗೇಮ್ ಬಾಯ್ ಕಲರ್ ಒಂದು ಇನ್ನೂ ನನ್ನ ಬಳಿ ಇದೆ. ಅದರ ಮೇಲಿನ ಪ್ರೀತಿಯಿಂದ ಹಳೆಯ ಹ್ಯಾಂಡ್‌ಹೆಲ್ಡ್ ಕನ್ಸೋಲ್‌ಗಳ ಲಿಮಿಟೆಡ್ ಎಡಿಷನ್‌ಗಳನ್ನು ಸಂಗ್ರಹಿಸಲು ಹೊರಟಿದ್ದೇನೆ. ಈಗ ಎರಡು ಯಂತ್ರಗಳು ನನ್ನ ಮುಂದಿವೆ. ಒಂದು, ಸೀಲ್ ಒಡೆಯದ ಪೆಟ್ಟಿಗೆಯಲ್ಲಿರುವ, ಫ್ಯಾಮಿಕಾಂ (ಜಪಾನಿನಲ್ಲಿ ಬಂದ ನಿಂಟೆಂಡೊದ ಹಳೆಯ ಟಿವಿ ಕನ್ಸೋಲ್) ಬಣ್ಣದ ಗೇಮ್ ಬಾಯ್ ಮೈಕ್ರೊ. ಇನ್ನೊಂದು, ಪೆಟ್ಟಿಗೆಯಿಲ್ಲದ, ಎನ್‌ಇಎಸ್ (ಅದೇ ಕನ್ಸೋಲ್‌ನ ಜಪಾನಿನಾಚೆಯ ರೂಪ) ವಿನ್ಯಾಸದ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ. ಇದರ ಪರದೆ ಹೊಚ್ಚ ಹೊಸದರಂತೆ ಬೆಳಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಯಾವುದನ್ನು ಕೊಳ್ಳಲಿ? ಅಸಲಿ ಎಂದು ತಿಳಿಯುವುದು ಹೇಗೆ? ಕೊಂಡ ಮೇಲೆ ಹೇಗೆ ಕಾಪಾಡಿಕೊಳ್ಳಲಿ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ, ಆದರೆ ಮೂರರ ಬುಡದಲ್ಲಿರುವುದು ಒಂದೇ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಈ ವಸ್ತು ಹಾಗೆಯೇ ಉಳಿದಿದೆ ಎಂಬುದನ್ನು ಯಾವ ಆಧಾರದ ಮೇಲೆ ನಂಬಬೇಕು? ಈ ಯಂತ್ರಗಳನ್ನು ಬಹುಕಾಲದಿಂದ ಕೂಡಿಡುತ್ತ, ಬಿಚ್ಚುತ್ತ, ದುರಸ್ತಿ ಮಾಡುತ್ತ ಬಂದಿರುವ ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇನೆ. ಸ್ವಿಚ್ ಹಾಕಿ ಪರೀಕ್ಷಿಸಬಹುದಾದ, ಪೆಟ್ಟಿಗೆ ಮತ್ತು ಕಾಗದಗಳೊಂದಿಗೆ ಪೂರ್ಣವಾಗಿರುವ ತೆರೆದ ಯಂತ್ರವೇ ಹೆಚ್ಚಿನ ಸಂಗ್ರಾಹಕರಿಗೆ ಸೀಲ್ ಒಡೆಯದ ಪೆಟ್ಟಿಗೆಗಿಂತ ಒಳ್ಳೆಯ ಆಯ್ಕೆ. ಸೀಲ್ ಇರುವ ಪೆಟ್ಟಿಗೆಯ ಬೆಲೆಯೆಲ್ಲ ಕಾಣದ ವಸ್ತುವಿನ ಮೇಲೆ ನಿಂತಿರುತ್ತದೆ. ಆ ಕಾಣದ ವಸ್ತುವಾದರೋ ವರ್ಷದಿಂದ ವರ್ಷಕ್ಕೆ ಬದಲಾಗುತ್ತಲೇ ಇರುತ್ತದೆ.

ಮೊದಲು ‘ಲಿಮಿಟೆಡ್ ಎಡಿಷನ್’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಹೆಸರಿಗೆ ನಿಜವಾಗಿ ತಕ್ಕ ಯಂತ್ರ ಯಾವುದೆಂದು ಕೇಳಿದರೆ ನನಗೆ ನೆನಪಾಗುವುದು 1987ರ ಒಂದು ಗೇಮ್ ಆ್ಯಂಡ್ ವಾಚ್, ಅಂದರೆ ನಿಂಟೆಂಡೊದ ಪುಟ್ಟ ಎಲ್‌ಸಿಡಿ ಆಟದ ಯಂತ್ರ. ನಿಂಟೆಂಡೊದ ವಿನ್ಯಾಸಕ ಗುನ್‌ಪೇ ಯೊಕೊಯ್ ಅವರ ಕಲ್ಪನೆಯಿಂದ 1980ರಲ್ಲಿ ‘ಬಾಲ್’ ಎಂಬ ಆಟದೊಂದಿಗೆ ಶುರುವಾದ ಈ ಸರಣಿಯ ಯಂತ್ರಗಳು 1991ರವರೆಗೆ ಒಟ್ಟು 4 ಕೋಟಿಗೂ ಹೆಚ್ಚು ಮಾರಾಟವಾದವು. ಅವುಗಳ ನಡುವೆ, ಫ್ಯಾಮಿಕಾಂಗೆ ಜೋಡಿಸುವ ಡಿಸ್ಕ್ ಸಿಸ್ಟಮ್‌ನ ಕಾರ್ ರೇಸ್ ಆಟವೊಂದರ ಸ್ಪರ್ಧೆಯಲ್ಲಿ ಗೆದ್ದವರಿಗೆ ಬಹುಮಾನವಾಗಿ ಕೊಡಲೆಂದೇ ನಿಂಟೆಂಡೊ ಸೂಪರ್ ಮಾರಿಯೊ ಬ್ರದರ್ಸ್ ಆಟದ ಹಳದಿ ಯಂತ್ರವನ್ನು ತಯಾರಿಸಿತು. ಸಂಖ್ಯೆ 10,000. ಅದು ಅಂಗಡಿಯಲ್ಲಿ ಎಂದೂ ಮಾರಾಟವಾಗಲಿಲ್ಲ. ಡಿಸ್ಕ್ ಸಿಸ್ಟಮ್‌ನ ಹಳದಿ ಗೊಂಬೆಯ ಆಕಾರದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗೆದ್ದವರ ಕೈ ಸೇರಿತು. ಇದೇ ಆಟವನ್ನು 1986ರಲ್ಲಿ ಪಾರದರ್ಶಕ ಪರದೆಯ ಮಾದರಿಯಾಗಿ, 1988ರಲ್ಲಿ ಅಗಲ ಪರದೆಯ ಮಾದರಿಯಾಗಿ ಸಾರ್ವಜನಿಕರಿಗೂ ಮಾರಲಾಯಿತು. ಅಂದರೆ ಆಟದ ದೃಷ್ಟಿಯಿಂದ ಬಹುಮಾನದ ಯಂತ್ರದಲ್ಲಿ ವಿಶೇಷವೇನೂ ಇಲ್ಲ. ಅದರ ವಿಶೇಷವಿರುವುದು ಮೈಬಣ್ಣದಲ್ಲಿ, ಡಬ್ಬಿಯಲ್ಲಿ, ಅದು ಜನರ ಕೈ ಸೇರಿದ ಬಗೆಯಲ್ಲಿ. ಈ ಮೂರರಲ್ಲಿ ಯಾವುದು ಕಳೆದರೂ ಯಂತ್ರದ ಕಥೆ ಅಷ್ಟು ಕುಂದುತ್ತದೆ. ಹಾಗಾಗಿ ಡಬ್ಬಿಯಿಲ್ಲದ ಹಳದಿ ಯಂತ್ರವನ್ನು ನಾನು ಅರ್ಧ ವಸ್ತು ಎಂದೇ ಎಣಿಸುತ್ತೇನೆ.

ಇಷ್ಟು ಖಚಿತವಾದ ಸಂಖ್ಯೆ ಇರುವ ಆವೃತ್ತಿಗಳು ಕಡಿಮೆ. ಉಳಿದ ಕಡೆ ‘ಲಿಮಿಟೆಡ್’ ಎಂಬ ಪದ ಹಲವು ಅರ್ಥಗಳನ್ನು ಹೊತ್ತು ತಿರುಗುತ್ತದೆ. 1995ರಲ್ಲಿ ‘ಪ್ಲೇ ಇಟ್ ಲೌಡ್’ ಎಂಬ ಹೆಸರಿನಲ್ಲಿ ಕೆಂಪು, ಹಸಿರು, ಹಳದಿ, ಕಪ್ಪು, ಪಾರದರ್ಶಕ ಮೈಯ ಗೇಮ್ ಬಾಯ್‌ಗಳು ಬಂದವು. ಇವನ್ನು ಈಗ ಲಿಮಿಟೆಡ್ ಎಡಿಷನ್ ಎಂದು ಮಾರುವವರಿದ್ದಾರೆ, ಆದರೆ ಅವು ಹಳೆಯ ಯಂತ್ರಕ್ಕೆ ಹೊಸ ಬಣ್ಣ ಕೊಟ್ಟ ಸಾಮಾನ್ಯ ಮಾರಾಟದ ಸರಕು. 1998ರ ಏಪ್ರಿಲ್‌ನಲ್ಲಿ ಬಂದ ಗೇಮ್ ಬಾಯ್ ಲೈಟ್ ಜಪಾನಿನಲ್ಲಿ ಮಾತ್ರ ಮಾರಾಟವಾಯಿತು. ಪರದೆಯ ಹಿಂದೆ ತಣ್ಣನೆಯ ನೀಲಿ-ಹಸಿರು ಬೆಳಕು ಹೊತ್ತಿಸುವ ಇದು ಬೇರೆ ದೇಶದವರಿಗೆ ಅಪರೂಪ, ಜಪಾನಿನವರಿಗೆ ಅಷ್ಟಿಲ್ಲ. ಅದೇ ಲೈಟ್ ಮಾದರಿಯ ಪಿಕಾಚು ಹಳದಿ ಆವೃತ್ತಿ ಮತ್ತು ಆಸ್ಟ್ರೊ ಬಾಯ್ ಆವೃತ್ತಿಗಳು ಜಪಾನಿನಲ್ಲೂ ಅಪರೂಪವೇ. ಇನ್ನು 2006ರ ಏಪ್ರಿಲ್‌ನಲ್ಲಿ ‘ಮದರ್ 3’ ಆಟದೊಂದಿಗೆ ಬಂದ ಡೀಲಕ್ಸ್ ಬಾಕ್ಸ್‌ನಂಥವು ಬೇರೊಂದು ಬಗೆ: ಆಟ, ಗೇಮ್ ಬಾಯ್ ಮೈಕ್ರೊ, ಒಂದು ಲೋಹದ ಬ್ಯಾಡ್ಜ್, ಇವೆಲ್ಲ ಸೇರಿದ್ದೇ ಒಂದು ಆವೃತ್ತಿ. ಅದರಿಂದ ಬ್ಯಾಡ್ಜ್ ಒಂದನ್ನು ತೆಗೆದಿಟ್ಟರೂ ಆವೃತ್ತಿ ಮುರಿದಂತೆಯೇ.

ನಿಮಗೆ ತೋರಿಸಿರುವ ಮೈಕ್ರೊ ಈ ಗೊಂದಲಕ್ಕೆ ಒಳ್ಳೆಯ ನಿದರ್ಶನ. ಫ್ಯಾಮಿಕಾಂನ ಕೈನಿಯಂತ್ರಕದಂತೆ ಕೆಂಪು ಮತ್ತು ಬಂಗಾರದ ಬಣ್ಣ ಹೊತ್ತ ಈ ಯಂತ್ರ ಜಪಾನಿನಲ್ಲಿ 2005ರ ಸೆಪ್ಟೆಂಬರ್ 13ರಂದು, ಮೈಕ್ರೊ ಬಿಡುಗಡೆಯಾದ ದಿನವೇ, ಬೇರೆ ಬಣ್ಣಗಳ ಜೊತೆ ಸಾಲಿನಲ್ಲಿ ಮಾರಾಟಕ್ಕೆ ನಿಂತಿತ್ತು. ಅದೇ ವಿನ್ಯಾಸ ಉತ್ತರ ಅಮೆರಿಕದಲ್ಲಿ ಕೆಲವು ತಿಂಗಳ ನಂತರ 20ನೇ ವಾರ್ಷಿಕೋತ್ಸವದ ವಿಶೇಷ ಆವೃತ್ತಿಯಾಗಿ ಬಂದಿತು. ಒಂದೇ ವಸ್ತು ಒಂದು ಮಾರುಕಟ್ಟೆಯಲ್ಲಿ ಸಾಮಾನ್ಯ, ಇನ್ನೊಂದರಲ್ಲಿ ವಿಶೇಷ. ಹೀಗಾಗಿ ಮಾರುವವರು ‘ಲಿಮಿಟೆಡ್’ ಎಂದಾಗ, ಪೆಟ್ಟಿಗೆ ಯಾವ ಭಾಷೆಯಲ್ಲಿದೆ ಎಂದು ಕೇಳುವುದೇ ನಿಮ್ಮ ಮೊದಲ ಪ್ರಶ್ನೆಯಾಗಬೇಕು. ಜಪಾನಿ ಪೆಟ್ಟಿಗೆಯಾದರೆ ಅದು ಸುಂದರವಾದ ಯಂತ್ರ, ಖಂಡಿತ ಕೊಳ್ಳಬಹುದಾದ ಯಂತ್ರ. ಆದರೆ ಸೀಮಿತ ಆವೃತ್ತಿಯ ಬೆಲೆ ತೆರಬೇಕಾದ ಯಂತ್ರವಲ್ಲ. ಎಲ್ಲ ಬಣ್ಣಗಳೂ ಸೇರಿ ಜಗತ್ತಿನಲ್ಲಿ ಮಾರಾಟವಾದ ಮೈಕ್ರೊಗಳು 24 ಲಕ್ಷದಷ್ಟು; ಗೇಮ್ ಬಾಯ್ ಅಡ್ವಾನ್ಸ್ ಕುಟುಂಬದ ಒಟ್ಟು 8 ಕೋಟಿ 15 ಲಕ್ಷದ ಎದುರು ಇದು ಚಿಕ್ಕ ಸಂಖ್ಯೆ. ಮೈಕ್ರೊಗೆ ಬೇಡಿಕೆ ಇರುವುದಕ್ಕೆ ನಿಜವಾದ ಕಾರಣ ಇದೇ, ಪೆಟ್ಟಿಗೆಯ ಮೇಲಿನ ಮಾತಲ್ಲ.

ಇಲ್ಲಿಂದ ಮುಂದೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಹುಪಾಲು ಸೀಮಿತ ಆವೃತ್ತಿಗಳ ಒಳಗಿನ ಬೋರ್ಡು, ಪರದೆ, ಗುಂಡಿ ಎಲ್ಲವೂ ಸಾಮಾನ್ಯ ಯಂತ್ರದವೇ. ವ್ಯತ್ಯಾಸವಿರುವುದು ಹೊರ ಕವಚದಲ್ಲಿ. ಗೇಮ್ ಬಾಯ್‌ನಿಂದ ಎಸ್‌ಪಿಯವರೆಗೆ ಹೆಚ್ಚುಕಡಿಮೆ ಪ್ರತಿಯೊಂದಕ್ಕೂ ಇಂದು ಹೊಸದಾಗಿ ಅಚ್ಚು ಹಾಕಿದ ಕವಚಗಳು ಸಿಗುತ್ತವೆ, ಪ್ರಸಿದ್ಧ ಆವೃತ್ತಿಗಳ ಚಿತ್ರಗಳನ್ನು ನಕಲು ಮಾಡಿದವೂ ಸೇರಿ. ಮೂರು ಸೀಳಿನ ತಲೆಯ ಸ್ಕ್ರೂ ತಿರುಗಿಸುವ ಚಿಕ್ಕ ಉಪಕರಣವಿದ್ದರೆ ಬೂದು ಬಣ್ಣದ ಯಂತ್ರ ಅರ್ಧ ಗಂಟೆಯಲ್ಲಿ ‘ಅಪರೂಪದ ಆವೃತ್ತಿ’ಯಾಗಿಬಿಡುತ್ತದೆ. ಮೈಕ್ರೊದಲ್ಲಂತೂ ಇದಕ್ಕೆ ಸ್ಕ್ರೂ ಕೂಡ ತೆಗೆಯಬೇಕಿಲ್ಲ: ಅದರ ಮುಖಫಲಕವನ್ನು ಬಳಸುವವರೇ ಕಳಚಿ ಬದಲಿಸಲಿ ಎಂದೇ ನಿಂಟೆಂಡೊ ಅದನ್ನು ರೂಪಿಸಿತ್ತು. ಆದ್ದರಿಂದ ಮೈಕ್ರೊ ನೋಡುವಾಗ ಕಣ್ಣು ಫಲಕದಿಂದ ಆಚೆ ಹೋಗಬೇಕು. ಫ್ಯಾಮಿಕಾಂ ಆವೃತ್ತಿಯಲ್ಲಿ ಪಕ್ಕ ಮತ್ತು ಹಿಂಬದಿಯ ಮೈಬಣ್ಣವೂ ಕೆಂಪಾಗಿರಬೇಕು. ಕಪ್ಪು ಅಥವಾ ಬೆಳ್ಳಿ ಮೈಗೆ ಕೆಂಪು ಫಲಕ ಹಾಕಿದ್ದರೆ ಅದು ಆ ಆವೃತ್ತಿಯಲ್ಲ.

ಕವಚ ಬದಲಾಗಿದೆಯೇ ಎಂದು ತಿಳಿಯಲು ನಾನು ಮೊದಲು ನೋಡುವುದು ಸ್ಕ್ರೂಗಳ ತಲೆಯನ್ನು. ಎಂದೂ ಬಿಚ್ಚದ ಯಂತ್ರದ ಸ್ಕ್ರೂ ಮಂದವಾಗಿ, ಸಮವಾಗಿರುತ್ತದೆ. ಬಿಚ್ಚಿದ್ದರೆ ಸೀಳಿನ ಅಂಚು ಹೊಳೆಯುತ್ತದೆ ಅಥವಾ ಮುಕ್ಕಾಗಿರುತ್ತದೆ. ಬಳಿಕ ಬ್ಯಾಟರಿ ಮುಚ್ಚಳ ತೆಗೆದು ಒಳಗೋಡೆ ನೋಡುತ್ತೇನೆ. ಅಸಲಿ ಕವಚದಲ್ಲಿ ಅಚ್ಚಾದ ಅಕ್ಷರಗಳು ತೀಕ್ಷ್ಣವಾಗಿರುತ್ತವೆ, ನಕಲಿಯಲ್ಲಿ ಅವುಗಳ ಅಂಚು ಕರಗಿದಂತೆ ಕಾಣುತ್ತದೆ. ಹಿಂಬದಿಯ ಲೇಬಲ್‌ನಲ್ಲಿ ಮಾದರಿ ಸಂಖ್ಯೆ ಆ ಯಂತ್ರಕ್ಕೆ ತಕ್ಕದ್ದಾಗಿರಬೇಕು: ಮೊದಲ ಗೇಮ್ ಬಾಯ್‌ಗೆ ಡಿಎಂಜಿ-01, ಪಾಕೆಟ್‌ಗೆ ಎಂಜಿಬಿ-001, ಲೈಟ್‌ಗೆ ಎಂಜಿಬಿ-101, ಕಲರ್‌ಗೆ ಸಿಜಿಬಿ-001, ಅಡ್ವಾನ್ಸ್‌ಗೆ ಎಜಿಬಿ-001, ಮೈಕ್ರೊಗೆ ಒಎಕ್ಸ್‌ವೈ-001. ಇಷ್ಟರ ಮೇಲೆ ಕೈಯ ಸಾಕ್ಷ್ಯವೂ ಬೇಕು. ಗುಂಡಿ ಒತ್ತಿದಾಗ ಅಂಟಿಕೊಳ್ಳುವುದು, ಎರಡು ಹೋಳುಗಳ ನಡುವಿನ ಗೆರೆ ಒಂದು ಕಡೆ ಬಾಯಿಬಿಟ್ಟಿರುವುದು, ಕಾರ್ಟ್ರಿಡ್ಜ್ ಬಿಗಿಯಾಗಿ ಹಿಡಿಯುವುದು, ಇವು ನಕಲಿ ಕವಚದ ಮಾಮೂಲಿ ದೋಷಗಳು. ನಿಮ್ಮ ಬಳಿಯ ಗೇಮ್ ಬಾಯ್ ಕಲರ್ ಇಲ್ಲಿ ನಿಮಗೆ ದೊಡ್ಡ ಆಸ್ತಿ. ಅದು ಅಸಲಿ ಎಂದು ನಿಮಗೆ ಗೊತ್ತಿದೆ. ಅದರ ಪ್ಲಾಸ್ಟಿಕ್‌ನ ನವಿರು, ಗುಂಡಿಯ ಮರುಪುಟಿತ, ಲೇಬಲ್‌ನ ಅಕ್ಷರ, ಇವನ್ನು ಮನಸ್ಸಿಟ್ಟು ಗಮನಿಸಿ. ಅಸಲಿಯನ್ನು ಚೆನ್ನಾಗಿ ಬಲ್ಲ ಕೈಗೆ ನಕಲಿ ಬೇಗ ತಿಳಿಯುತ್ತದೆ.

ಇನ್ನು ನಿಮ್ಮ ಎಸ್‌ಪಿಯ ವಿಷಯ. 2003ರಲ್ಲಿ ಬಂದ ಮೊದಲ ಎಸ್‌ಪಿ, ಮಾದರಿ ಎಜಿಎಸ್-001, ತನ್ನ ಪರದೆಯನ್ನು ಮುಂಬದಿಯ ಅಂಚಿನಿಂದ ಬೆಳಗುತ್ತದೆ. ಚಿತ್ರ ಸ್ವಲ್ಪ ಮಾಸಿದಂತೆ, ಬಣ್ಣ ತೊಳೆದಂತೆ ಕಾಣುತ್ತದೆ. ಹಿಂಬದಿಯಿಂದ ಬೆಳಗುವ, ಎಷ್ಟೋ ಮೇಲಾದ ಪರದೆಯ ಎಜಿಎಸ್-101 ಬಂದದ್ದು 2005ರಲ್ಲಿ. ಫ್ಯಾಮಿಕಾಂ ಮತ್ತು ಎನ್‌ಇಎಸ್ ವಿನ್ಯಾಸದ ಎಸ್‌ಪಿಗಳು 2004ರವು, ಅಂದರೆ ಮೊದಲ ಬಗೆಯವು. ಅವುಗಳ ಪರದೆ ಹೊಚ್ಚ ಹೊಸದರಂತೆ ಬೆಳಗಲು ಸಾಧ್ಯವೇ ಇಲ್ಲ. ಮಾರುವವರು ಗುಣವೆಂದು ಹೊಗಳುತ್ತಿರುವುದೇ ಇಲ್ಲಿ ದೋಷದ ಸುಳಿವು: ಒಂದೋ ಪರದೆ ಬದಲಾಗಿದೆ, ಇಲ್ಲವೇ ನಂತರದ ಯಂತ್ರಕ್ಕೆ ನಕಲಿ ಕವಚ ತೊಡಿಸಲಾಗಿದೆ. ಪರೀಕ್ಷೆಗೆ ಉಪಕರಣ ಬೇಡ. ಗುಂಡಿಗಳ ನಡುವೆ, ಮೇಲ್ಭಾಗದಲ್ಲಿರುವ ಬೆಳಕಿನ ಗುಂಡಿ ಒತ್ತಿ. 001 ಮಾದರಿಯಲ್ಲಿ ಬೆಳಕು ಪೂರ್ತಿ ಆರುತ್ತದೆ, ಮತ್ತೆ ಹೊತ್ತುತ್ತದೆ. 101ರಲ್ಲಿ ಆರುವುದಿಲ್ಲ, ಹೆಚ್ಚು-ಕಡಿಮೆ ಆಗುತ್ತದೆ ಅಷ್ಟೆ. ನಾನೇ ಹಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಎಸ್‌ಪಿಯನ್ನು ಅಪರಿಚಿತ ಮಾರಾಟಗಾರರೊಬ್ಬರಿಂದ ಫೋಟೊ ನೋಡಿ ಕೊಂಡೆ. ಫೋಟೊದಲ್ಲಿ ಪರದೆ ಸೊಗಸಾಗಿ ಬೆಳಗುತ್ತಿತ್ತು. ಅದನ್ನು ಕಂಡೇ ಮನಸ್ಸು ಸೋತದ್ದು. ಕೈಗೆ ಬಂದ ಮೇಲೆ ಬೆಳಕಿನ ಗುಂಡಿ ಒತ್ತಿದರೆ ಬೆಳಕು ಆರಲಿಲ್ಲ. ಬಿಚ್ಚಿ ನೋಡಿದಾಗ ಒಳಗಿದ್ದದ್ದು 101ರ ಪರದೆ, ಹೊರಗಿದ್ದದ್ದು ಹೊಸ ಅಚ್ಚಿನ ಕವಚ. ಮಾರಿದವರಿಗೆ ಅದು ತಿಳಿದಿತ್ತೋ ಇಲ್ಲವೋ ಹೇಳಲಾರೆ. ಅವರೂ ಇನ್ನೊಬ್ಬರಿಂದ ಕೊಂಡಿರಬಹುದು. ಅಂದಿನಿಂದ ದೂರದವರಿಂದ ಕೊಳ್ಳುವಾಗ ಫೋಟೊ ಸಾಲದೆಂದು, ಗುಂಡಿ ಒತ್ತುವ ಚಿಕ್ಕ ವಿಡಿಯೊ ಕೇಳಿ ತರಿಸಿಕೊಳ್ಳುತ್ತೇನೆ.

ಪರದೆ ಬದಲಿಸಿದ ಯಂತ್ರ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಆಡಲೆಂದು ಕೊಳ್ಳುವವರಿಗೆ ಅದೇ ಉತ್ತಮ. ನಾನೂ ಆಟಕ್ಕೆ ಬಳಸುವ ಸಾಮಾನ್ಯ ಬೂದು ಯಂತ್ರಗಳಿಗೆ ಹೊಸ ಐಪಿಎಸ್ ಪರದೆ (ಇಂದಿನ ಬಗೆಯ ಸ್ಪಷ್ಟ ಎಲ್‌ಸಿಡಿ) ಹಾಕಿಕೊಂಡಿದ್ದೇನೆ. ಆದರೆ ಸೀಮಿತ ಆವೃತ್ತಿಯ ಒಂದು ಪ್ರತಿಗೆ ಪರದೆ ಕೂರಿಸಲು ಕವಚದ ಒಳಗಿನ ಪ್ಲಾಸ್ಟಿಕ್ ಗೋಡೆಗಳನ್ನು ಕತ್ತರಿಸುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕತ್ತರಿಸಿದ್ದನ್ನು ಮರಳಿ ಬೆಳೆಸಲಾಗದು. ನೀವು ಎಂದಾದರೂ ಇಂಥ ಯಂತ್ರದಲ್ಲಿ ಏನನ್ನಾದರೂ ಬದಲಿಸಲೇಬೇಕಾಗಿ ಬಂದರೆ, ಹಿಂದಕ್ಕೆ ತರಬಹುದಾದ ಬದಲಾವಣೆಯನ್ನಷ್ಟೇ ಮಾಡಿ, ತೆಗೆದ ಭಾಗವನ್ನು ಹೆಸರು ಬರೆದ ಚೀಲದಲ್ಲಿ ಯಂತ್ರದ ಜೊತೆಗೇ ಇಡಿ. ನಾಳೆ ಅದನ್ನು ಕೊಳ್ಳುವವರಿಗೆ ಏನು ಬದಲಾಗಿದೆ ಎಂದು ಹೇಳಬೇಕಾದ ಹೊಣೆಯೂ ನಿಮ್ಮದೇ.

ಈಗ ಸೀಲ್ ಒಡೆಯದ ಪೆಟ್ಟಿಗೆಯ ಮಾತಿಗೆ ಬರೋಣ. ಸೀಲ್ ಎಂಬುದೇ ಮೊದಲು ಅನುಮಾನಕ್ಕೆ ಎಡೆಯಾದದ್ದು. ಹಲವು ಹ್ಯಾಂಡ್‌ಹೆಲ್ಡ್‌ಗಳ ಪೆಟ್ಟಿಗೆಗೆ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೇ ಹಾಕುತ್ತಿರಲಿಲ್ಲ; ರಟ್ಟಿನ ನಾಲಿಗೆಯನ್ನು ಸಿಕ್ಕಿಸಿ, ಹೆಚ್ಚೆಂದರೆ ಒಂದು ಅಂಟುಪಟ್ಟಿ ಹಚ್ಚುತ್ತಿದ್ದರು. ಇತ್ತ, ಬಿಸಿ ಗಾಳಿಯಿಂದ ಪ್ಲಾಸ್ಟಿಕ್ ಹಾಳೆಯನ್ನು ಕುಗ್ಗಿಸಿ ಪೆಟ್ಟಿಗೆಗೆ ಬಿಗಿಯುವ ಸಾಧನ ಯಾರಿಗೂ ಸಿಗುವಂಥದ್ದು. ಆದ್ದರಿಂದ ಆ ಮಾದರಿಗೆ, ಆ ದೇಶದಲ್ಲಿ, ಯಾವ ಬಗೆಯ ಸೀಲ್ ಇರುತ್ತಿತ್ತು ಎಂಬುದನ್ನು ಕನಿಷ್ಠ ಮೂರು-ನಾಲ್ಕು ಬೇರೆ ಬೇರೆ ಪ್ರತಿಗಳ ಫೋಟೊ ಹೋಲಿಸಿ ತಿಳಿದುಕೊಳ್ಳದೆ ಹೊದಿಕೆಯ ಹೊಳಪಿಗೆ ಒಂದು ಕಾಸೂ ಹೆಚ್ಚು ಕೊಡಬೇಡಿ.

ಸೀಲ್ ಅಸಲಿಯೇ ಆಗಿದ್ದರೂ ಒಳಗೆ ಕಾಲ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮೈಕ್ರೊದ ಒಳಗೊಂದು ಲಿಥಿಯಂ-ಅಯಾನ್ ಬ್ಯಾಟರಿ ಇದೆ. ಅದನ್ನು ತುಂಬಿದ್ದು 2005ರ ಸುಮಾರಿಗೆ. ಅಲ್ಲಿಂದ ಇಂದಿನವರೆಗೆ ಚಾರ್ಜ್ ಕಾಣದೆ ಕುಳಿತ ಬ್ಯಾಟರಿ ತಳ ಮುಟ್ಟುವಷ್ಟು ಬರಿದಾಗಿರುವ ಸಂಭವವೇ ಹೆಚ್ಚು. ಹಾಗೆ ಬರಿದಾದ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯದಿರಬಹುದು, ಒಳಗೆ ಅನಿಲ ತುಂಬಿ ಉಬ್ಬಿರಲೂಬಹುದು. ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಯ ಬ್ಯಾಟರಿಗಳು ಉಬ್ಬಿ ಹಿಂಬದಿಯ ಮುಚ್ಚಳವನ್ನೇ ಎತ್ತಿಬಿಡುವುದನ್ನು ಸಂಗ್ರಾಹಕರೆಲ್ಲ ಬಲ್ಲರು. ತೆರೆದ ಯಂತ್ರದಲ್ಲಿ ಅದು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ, ಬ್ಯಾಟರಿಯನ್ನು ತೆಗೆದಿಡಬಹುದು. ಸೀಲ್ ಇರುವ ಪೆಟ್ಟಿಗೆಯಲ್ಲಿ ಅದು ಕಾಣದೆ ಬೆಳೆದು, ಕವಚ ಸೀಳಿ, ಪರದೆ ಒತ್ತಿ, ಕೊನೆಗೆ ನಿಮ್ಮ ಬಳಿ ಇರುವುದು ಚೆಂದದ ರಟ್ಟಿನ ಪೆಟ್ಟಿಗೆ ಮಾತ್ರ ಎಂದಾಗುತ್ತದೆ. ಇದು ನಷ್ಟದ ಮಾತಷ್ಟೇ ಅಲ್ಲ. ಉಬ್ಬಿದ ಲಿಥಿಯಂ ಬ್ಯಾಟರಿ ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಲ್ಲದು. ಅಂಥದ್ದು ಕಂಡರೆ ಚಾರ್ಜ್ ಮಾಡಲು ಯತ್ನಿಸಬೇಡಿ, ಒತ್ತಿ ಚಪ್ಪಟೆ ಮಾಡಲೂ ಹೋಗಬೇಡಿ. ಬ್ಯಾಟರಿ ವಿಲೇವಾರಿ ಮಾಡುವವರಿಗೆ ಒಪ್ಪಿಸಿ.

ಹಾಗಾದರೆ ಸಾಮಾನ್ಯ ಸೆಲ್ ಹಾಕುವ ಯಂತ್ರಗಳು ಸುರಕ್ಷಿತವೇ? ಸೆಲ್ ಒಳಗೆ ಬಿಟ್ಟಿಲ್ಲದಿದ್ದರೆ ಬಹುಮಟ್ಟಿಗೆ ಹೌದು. ಆದರೆ ಹಳೆಯ ಗೇಮ್ ಬಾಯ್‌ಗಳಲ್ಲಿ ಅರ್ಧಕ್ಕರ್ಧ ಜನ ಬಿಟ್ಟೇ ಇರುತ್ತಾರೆ ಎನ್ನುವಷ್ಟು ಸೋರಿಕೆ ಕಂಡಿದ್ದೇನೆ. ಆಲ್ಕಲೈನ್ ಸೆಲ್ ಸೋರಿದಾಗ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ವಿನಿಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿದರೆ ಅದು ತಟಸ್ಥವಾಗುತ್ತದೆ, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆಯಬೇಕು. ಬ್ಯಾಟರಿ ಗೂಡಿನ ಲೋಹದ ಸ್ಪ್ರಿಂಗ್ ಸ್ವಲ್ಪ ಹಸಿರಾಗಿದ್ದರೆ ಚಿಂತೆಯಿಲ್ಲ. ಹಸಿರು ತಂತಿಯ ಗುಂಟ ಬೋರ್ಡಿಗೆ ಹಬ್ಬಿದ್ದರೆ ಮಾತ್ರ ಯೋಚಿಸಬೇಕು. ಗೇಮ್ ಆ್ಯಂಡ್ ವಾಚ್‌ಗಳಲ್ಲಿ ಗುಂಡಿ ಸೆಲ್‌ಗಳ ಗೂಡನ್ನು ಹೀಗೆಯೇ ಮರೆಯದೆ ತೆಗೆದು ನೋಡಬೇಕು.

ಪ್ರತಿ ಯಂತ್ರಕ್ಕೂ ಅದರದೇ ರೋಗವಿದೆ, ಮತ್ತು ಅದನ್ನು ತಿಳಿದುಕೊಳ್ಳುವುದೇ ಈ ಹವ್ಯಾಸದ ನಿಜವಾದ ವಿದ್ಯೆ ಎಂದು ನಾನು ಭಾವಿಸುತ್ತೇನೆ. ಸೆಗಾ 1990ರಲ್ಲಿ ತಂದ ಗೇಮ್ ಗೇರ್ ಆರು ಸೆಲ್ ನುಂಗಿ ಕೆಲವೇ ಗಂಟೆ ಓಡುತ್ತಿತ್ತು; ಅದರ ಬಣ್ಣದ ಪರದೆ ಆ ಕಾಲಕ್ಕೆ ಬೆರಗು. ಅದರಲ್ಲಿ ಬಳಸಿದ, ವಿದ್ಯುತ್ತನ್ನು ಹಿಡಿದಿಡುವ ಚಿಕ್ಕ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು ಸೋರಿ ಬೋರ್ಡನ್ನು ತಿನ್ನುತ್ತವೆ: ಮೊದಲು ಧ್ವನಿ ಕ್ಷೀಣಿಸುತ್ತದೆ, ಆಮೇಲೆ ಚಿತ್ರ ಮಸುಕಾಗುತ್ತದೆ, ಕೊನೆಗೆ ಯಂತ್ರ ಹೊತ್ತುವುದೇ ಇಲ್ಲ. ಅದೇ ವರ್ಷದ ಇನ್ನೊಂದು ಹ್ಯಾಂಡ್‌ಹೆಲ್ಡ್ ಪಿಸಿ ಎಂಜಿನ್ ಜಿಟಿಗೂ ಇದೇ ಕಾಯಿಲೆ. ಪೆಟ್ಟಿಗೆಯಲ್ಲಿ ಮುಟ್ಟದೆ ಇಟ್ಟ ಗೇಮ್ ಗೇರ್ ಕೂಡ ಇದಕ್ಕೆ ಹೊರತಲ್ಲ, ಏಕೆಂದರೆ ಸೋರಿಕೆಗೆ ಬಳಕೆ ಬೇಕಿಲ್ಲ, ವಯಸ್ಸು ಸಾಕು. ಕೋಕಾ-ಕೋಲಾ ಕಿಡ್ ಆಟದೊಂದಿಗೆ ಬಂದ ಕೆಂಪು ಗೇಮ್ ಗೇರ್ ಯಾರಾದರೂ ತೋರಿಸಿದರೆ ನಾನು ಮೊದಲು ಕೇಳುವ ಪ್ರಶ್ನೆ ಕೆಪಾಸಿಟರ್ ಬದಲಿಸಲಾಗಿದೆಯೇ ಎಂಬುದು. ಬದಲಿಸಿದ್ದರೆ, ಅಚ್ಚುಕಟ್ಟಾಗಿ ಮಾಡಿದ್ದರೆ, ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ಪರದೆ ಬದಲಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇದು ಯಂತ್ರ ತನ್ನಂತೆ ತಾನು ಉಳಿಯಲು ಬೇಕಾದ ಚಿಕಿತ್ಸೆ.

ಕಪ್ಪು-ಬಿಳುಪು ಎಲ್‌ಸಿಡಿ ಪರದೆಗಳ ರೋಗ ಬೇರೆ. ಪರದೆಯ ಮೇಲಿನ, ಬೆಳಕನ್ನು ಸೋಸುವ ಪೋಲರೈಸರ್ ಹಾಳೆ ಸೆಲ್ಯುಲೋಸ್ ಅಸಿಟೇಟ್ ಜಾತಿಯದು. ಸೆಖೆ ಮತ್ತು ತೇವ ಸೇರಿದಾಗ ಅದು ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಯಂತ್ರ ಹುಳಿವಾಸನೆ ಬೀರುತ್ತದೆ, ಪರದೆಯ ಮೇಲೆ ಗುಳ್ಳೆ ಏಳುತ್ತದೆ ಅಥವಾ ಕಂದು ಕಲೆ ಹಬ್ಬುತ್ತದೆ. ಇದನ್ನು ಸಂಗ್ರಾಹಕರು ‘ವಿನಿಗರ್ ಸಿಂಡ್ರೋಮ್’ ಎನ್ನುತ್ತಾರೆ. ಹಳೆಯ ಯಂತ್ರ ಕೈಗೆ ಬಂದಾಗ ಮೂಸಿ ನೋಡುವ ಅಭ್ಯಾಸ ನನಗಿರುವುದು ಇದಕ್ಕಾಗಿಯೇ. ಹಾಳೆಯನ್ನು ಬದಲಿಸಬಹುದು, ಆದರೆ ಪಳಗಿದ ಕೈ ಬೇಕು. ಬಿಸಿಲಲ್ಲಿ ಬಿಟ್ಟ ಯಂತ್ರದ ಪೋಲರೈಸರ್ ಸುಟ್ಟು ನಡುವೆ ಕಪ್ಪು ಮೋಡ ಕವಿದಂತೆ ಕಾಣುವುದೂ ಉಂಟು. ಇನ್ನು ಮೊದಲ ಗೇಮ್ ಬಾಯ್‌ನಲ್ಲಿ ಪರದೆಯ ಮೇಲಿಂದ ಕೆಳಕ್ಕೆ ಗೆರೆಗಳು ಮಾಯವಾಗುವುದು ದೊಡ್ಡ ದೋಷವಲ್ಲ. ಪರದೆಯನ್ನು ಬೋರ್ಡಿಗೆ ಜೋಡಿಸುವ ಪಟ್ಟಿಯ ಅಂಟು ಸಡಿಲವಾಗಿದ್ದರಿಂದ ಹಾಗಾಗುತ್ತದೆ, ಮಿತವಾದ ಶಾಖ ಕೊಟ್ಟು ಸರಿಪಡಿಸಬಹುದು. ಯೊಕೊಯ್ ನಿಂಟೆಂಡೊ ಬಿಟ್ಟ ಮೇಲೆ ಕಟ್ಟಿದ ಕೊಟೊ ಸಂಸ್ಥೆಯಲ್ಲಿ ರೂಪುಗೊಂಡು, 1997ರಲ್ಲಿ ಅವರು ತೀರಿಕೊಂಡ ನಂತರ, 1999ರ ಮಾರ್ಚ್‌ನಲ್ಲಿ ಬಂಡಾಯ್ ಹೊರತಂದ ವಂಡರ್‌ಸ್ವಾನ್ ಬಗ್ಗೆಯೂ ಒಂದು ಮಾತು. ಒಂದೇ ಸೆಲ್‌ನಲ್ಲಿ ದಿನಗಟ್ಟಲೆ ಓಡುವ ಆ ಪುಟ್ಟ ಯಂತ್ರದ ಹಲವು ವಿಶೇಷ ಆವೃತ್ತಿಗಳು ಇಂದಿಗೂ ಕೈಗೆಟಕುವ ಬೆಲೆಯಲ್ಲಿರುತ್ತವೆ. ಒಂದು ಮನಸ್ಸು ಗೇಮ್ ಆ್ಯಂಡ್ ವಾಚ್‌ನಿಂದ ಆರಂಭಿಸಿ ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಕೈಯಲ್ಲಿ ಹಿಡಿದು ನೋಡಲು ಅದಕ್ಕಿಂತ ಒಳ್ಳೆಯ ವಸ್ತು ನನಗೆ ತಿಳಿದಿಲ್ಲ.

ಹೊಸ ಕಾಲದ ಯಂತ್ರಗಳಲ್ಲಿ ಗಮನಿಸಬೇಕಾದದ್ದು ಕಡಿಮೆ. 2012ರ ಹಾತ್ಸುನೆ ಮಿಕು (ಜಪಾನಿನ ಕಾಲ್ಪನಿಕ ಗಾಯಕಿ) ಆವೃತ್ತಿಯಂಥ ಮೊದಲ ಪೀಳಿಗೆಯ ಸೋನಿ ಪಿಎಸ್ ವೀಟಾಗಳಲ್ಲಿ ಒಎಲ್‌ಇಡಿ ಪರದೆ (ಪ್ರತಿ ಬಿಂದುವೂ ತಾನೇ ಬೆಳಗುವಂಥದ್ದು) ಇದೆ. ಕತ್ತಲೆಯಲ್ಲಿ ಬೂದು ಚಿತ್ರವೊಂದನ್ನು ತೋರಿಸಿ ಕಲೆಗಳಿವೆಯೇ ನೋಡಿ. ನಿಂಟೆಂಡೊ 3ಡಿಎಸ್‌ನ ವಿಶೇಷ ಆವೃತ್ತಿಗಳಲ್ಲಿ ಹೆಚ್ಚಿನವು ಜಪಾನಿನವು, ಅವು ಬೇರೆ ದೇಶದ 3ಡಿಎಸ್ ಆಟಗಳನ್ನು ಓಡಿಸುವುದಿಲ್ಲ. ಅದರ ಆನ್‌ಲೈನ್ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್‌ನಲ್ಲಿ ನಿಂತಿದೆ. ಗೇಮ್ ಬಾಯ್ ಕುಟುಂಬಕ್ಕೆ ಇಂಥ ದೇಶಬಂಧನವಿಲ್ಲ. 2020ರಲ್ಲಿ ಮಾರಿಯೊದ 35ನೇ ವರ್ಷಕ್ಕೆ ಬಂದ ಗೇಮ್ ಆ್ಯಂಡ್ ವಾಚ್, ಅದೇ ವರ್ಷ ಸೆಗಾ ತನ್ನ 60ನೇ ವರ್ಷಕ್ಕೆ ನಾಲ್ಕು ಬಣ್ಣಗಳಲ್ಲಿ ತಲಾ 4,980 ಯೆನ್‌ಗೆ ತಂದ ಅಂಗೈಗಿಂತ ಚಿಕ್ಕ ಗೇಮ್ ಗೇರ್ ಮೈಕ್ರೊ, 2021ರ ಡಿಸೆಂಬರ್‌ನಲ್ಲಿ ಬಂದ, ಹಳೆಯ ಗೇಮ್ ಬಾಯ್ ಆಟಗಳನ್ನು ಓಡಿಸುವ ಅನಲಾಗ್ ಪಾಕೆಟ್‌ನ ಸೀಮಿತ ಬಣ್ಣಗಳು, ಇವೆಲ್ಲ ಹಳೆಯದರ ನೆನಪಿಗೆ ಮಾಡಿದ ಹೊಸ ವಸ್ತುಗಳು. ಇಷ್ಟವಾದರೆ ಕೊಳ್ಳಿ, ಆಡಿ. ಕೂಡಿಟ್ಟರೆ ಬೆಲೆ ಏರುತ್ತದೆಂಬ ಲೆಕ್ಕದಲ್ಲಿ ಇವನ್ನು ನೂರಾರು ಜನ ತೆರೆಯದೆ ಕಪಾಟಿನಲ್ಲಿಟ್ಟಿದ್ದಾರೆ; ಎಲ್ಲರೂ ಕಾಪಾಡಿದ ವಸ್ತು ಅಪರೂಪವಾಗುವುದು ಕಷ್ಟ.

ಪೆಟ್ಟಿಗೆ ಮತ್ತು ಕಾಗದಗಳ ವಿಷಯದಲ್ಲಿ ನನ್ನ ಕಟ್ಟುನಿಟ್ಟು ಸ್ವಲ್ಪ ಹೆಚ್ಚೇ. ನಿಂಟೆಂಡೊ ಡಿಎಸ್, ಪಿಎಸ್‌ಪಿ ಕಾಲದಿಂದ ಈಚಿನ ಹಲವು ಪೆಟ್ಟಿಗೆಗಳ ಮೇಲೆ ಯಂತ್ರದ ಕ್ರಮಸಂಖ್ಯೆಯ ಚೀಟಿ ಇರುತ್ತದೆ. ಅದು ಒಳಗಿನ ಯಂತ್ರದ ಸಂಖ್ಯೆಗೆ ಹೊಂದಿದರೆ ಆ ಎರಡೂ ಒಂದೇ ದಿನ ಕಾರ್ಖಾನೆ ಬಿಟ್ಟವೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಬೇಡ. ನನ್ನ ಮಟ್ಟಿಗೆ ಅದು ಪ್ಲಾಸ್ಟಿಕ್ ಹೊದಿಕೆಗಿಂತ ಹೆಚ್ಚು ಬೆಲೆಯುಳ್ಳದ್ದು. ಪೆಟ್ಟಿಗೆಯ ಒಳಗಿನ ರಟ್ಟಿನ ತಟ್ಟೆ, ಕೈಪಿಡಿ, ಜಾಹೀರಾತಿನ ಹಾಳೆ, ಎಲ್ಲವನ್ನೂ ಉಳಿಸಿಕೊಳ್ಳಿ. ಮೈಕ್ರೊದ ಚಾರ್ಜರ್ ಎಸ್‌ಪಿಯದಕ್ಕೆ ಹೊಂದುವುದಿಲ್ಲವಾದ್ದರಿಂದ ಮೂಲ ಚಾರ್ಜರ್ ಇದೆಯೇ ಎಂದು ಕೇಳುವುದು ಮರೆಯಬಾರದ ಸಂಗತಿ.

ಕಾಪಾಡುವ ಕೆಲಸ ಕಷ್ಟದ್ದಲ್ಲ, ಆದರೆ ತಪ್ಪಬಾರದು. ಎಲ್ಲ ಸೆಲ್‌ಗಳನ್ನೂ ಹೊರತೆಗೆದಿಡಿ. ಲಿಥಿಯಂ ಬ್ಯಾಟರಿಗಳನ್ನು ಅರ್ಧದಷ್ಟು ಚಾರ್ಜ್‌ನಲ್ಲಿಟ್ಟು, ಮೂರು-ನಾಲ್ಕು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ. ಬಿಸಿಲು ಬೀಳದ, ಒಣಗಿದ ಕಪಾಟು ಇರಲಿ; ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಆಗಾಗ ಬದಲಿಸಿ. ಪಿವಿಸಿ ಚೀಲಗಳಲ್ಲಿ ಯಂತ್ರವನ್ನು ಎಂದೂ ಇಡಬೇಡಿ, ಅವುಗಳಿಂದ ಒಸರುವ ಎಣ್ಣೆಯಂಥ ದ್ರವ್ಯ ಕವಚಕ್ಕೆ ಅಂಟಿ ಕಲೆ ಬಿಡುತ್ತದೆ; ಪಾಲಿಪ್ರೊಪಿಲಿನ್ ಚೀಲವಾದರೆ ತೊಂದರೆಯಿಲ್ಲ. ರಬ್ಬರ್ ಬ್ಯಾಂಡ್ ಪೆಟ್ಟಿಗೆಯ ಮೇಲೆ ಬೇಡ. ಹಳದಿಗಟ್ಟಿದ ಬಿಳಿ ಅಥವಾ ಬೂದು ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳುಪು ಮಾಡುವ ವಿಧಾನ ಜನಪ್ರಿಯವಾಗಿದೆ. ಸಾಮಾನ್ಯ ಯಂತ್ರಕ್ಕೆ ಮಾಡಿ ನೋಡಬಹುದು; ಅಪರೂಪದ ಆವೃತ್ತಿಗೆ ನಾನು ಒಪ್ಪುವುದಿಲ್ಲ. ಪಟ್ಟೆಪಟ್ಟೆಯಾಗಿ ಬಣ್ಣ ಹೋಗುವ ಅಪಾಯವಿದೆ, ಹಳದಿ ಮರಳಿ ಬರುವುದೂ ಇದೆ, ಮುದ್ರಿತ ಚಿತ್ರವಿದ್ದರೆ ಅದೂ ಮಾಸಬಹುದು. ಮತ್ತೊಂದು ಕೆಲಸ, ಇದನ್ನು ಹೆಚ್ಚಿನವರು ಮಾಡುವುದಿಲ್ಲ: ಪ್ರತಿ ಯಂತ್ರಕ್ಕೂ ಒಂದು ಹಾಳೆ ಇಟ್ಟು, ಯಾವಾಗ, ಯಾವ ಸ್ಥಿತಿಯಲ್ಲಿ ಬಂತು, ಕ್ರಮಸಂಖ್ಯೆ ಏನು, ಏನು ದುರಸ್ತಿಯಾಯಿತು ಎಂದು ಬರೆದಿಡಿ. ವರ್ಷಕ್ಕೆ ಎರಡು ಸಲವಾದರೂ ಪ್ರತಿಯೊಂದನ್ನೂ ಹೊತ್ತಿಸಿ, ಸ್ವಲ್ಪ ಹೊತ್ತು ಆಡಿ. ಗುಂಡಿ, ಸ್ವಿಚ್, ಧ್ವನಿಯ ಚಕ್ರ ಇವು ಚಲನೆಯಿಂದಲೇ ಚೆನ್ನಾಗಿರುತ್ತವೆ.

ಇನ್ನು ನಿಮ್ಮ ಮುಂದಿರುವ ಎರಡು ಯಂತ್ರಗಳ ತೀರ್ಮಾನ. ಎಸ್‌ಪಿಯನ್ನು ಮಾರುವವರಿಂದ ಬೆಳಕಿನ ಗುಂಡಿ ಒತ್ತುವ ವಿಡಿಯೊವನ್ನೂ ಹಿಂಬದಿಯ ಲೇಬಲ್ ಮತ್ತು ಸ್ಕ್ರೂಗಳ ಹತ್ತಿರದ ಫೋಟೊವನ್ನೂ ಕೇಳಿ. ಬೆಳಕು ಆರದಿದ್ದರೆ, ಅಥವಾ ಅವರು ಕಳುಹಿಸಲು ಹಿಂಜರಿದರೆ, ಅದು ಸೀಮಿತ ಆವೃತ್ತಿ ಎಂಬ ಮಾತನ್ನು ಬದಿಗಿಟ್ಟು, ಪರದೆ ಬದಲಿಸಿದ ಒಂದು ಸಾಮಾನ್ಯ ಎಸ್‌ಪಿಗೆ ನೀವು ಎಷ್ಟು ಕೊಡುತ್ತಿದ್ದಿರೋ ಅಷ್ಟಕ್ಕೆ ಮಾತ್ರ ಕೇಳಿ. ಆಡಲು ಅದು ಚೆನ್ನಾಗಿಯೇ ಇರುತ್ತದೆ. ಮೈಕ್ರೊವನ್ನು ಸೀಲ್‌ನ ಬೆಲೆಗೆ ಕೊಳ್ಳಬೇಡಿ. ಮಾರುವವರ ಎದುರಿನಲ್ಲೇ ಪೆಟ್ಟಿಗೆ ತೆರೆದು, ಬ್ಯಾಟರಿಯ ಕಡೆ ಕವಚ ಉಬ್ಬಿಲ್ಲವೆಂದು ನೋಡಿ, ಚಾರ್ಜರ್ ಸಿಕ್ಕಿಸಿ, ಪರದೆ ಹೊತ್ತುವುದನ್ನು ಕಂಡು, ತೆರೆದ ಪೂರ್ಣ ಪ್ರತಿಯ ಬೆಲೆಗೆ ಕೊಡಲು ಅವರು ಒಪ್ಪಿದರೆ ಸಂತೋಷವಾಗಿ ತೆಗೆದುಕೊಳ್ಳಿ. ಒಪ್ಪದಿದ್ದರೆ ಬಿಡಿ, ಪೆಟ್ಟಿಗೆ, ಕೈಪಿಡಿ, ಚಾರ್ಜರ್ ಸಮೇತ ಚೆನ್ನಾಗಿ ಬಳಸಿದ ಫ್ಯಾಮಿಕಾಂ ಮೈಕ್ರೊಗಳು ಜಪಾನಿನ ಮಾರುಕಟ್ಟೆಯಿಂದ ಆಗಾಗ ಬರುತ್ತಲೇ ಇರುತ್ತವೆ. ಅದು ಕೈಗೆ ಬಂದ ದಿನ ಬ್ಯಾಟರಿಯನ್ನು ಮೊದಲು ಪರೀಕ್ಷಿಸಿ, ಆ ಬಳಿಕ ನಿಮ್ಮ ಹಳೆಯ ಗೇಮ್ ಬಾಯ್ ಕಲರ್‌ನ ಪಕ್ಕದಲ್ಲಿಡಿ. ಆದರೆ ಕಲರ್‌ನ ಕಾರ್ಟ್ರಿಡ್ಜ್‌ಗಳನ್ನು ಅದಕ್ಕೆ ಹಾಕಲು ಹೋಗಬೇಡಿ. ಮೈಕ್ರೊ ಓಡಿಸುವುದು ಅಡ್ವಾನ್ಸ್‌ನ ಆಟಗಳನ್ನು ಮಾತ್ರ.